ಹಳೇ ಹಾಡಿನ ತುಂಡು ಸಾಲದು, ನುಡಿಸಿದವರೇ ಬನ್ನಿ ಎಂದ ರ‍್ಯಾಪರ್: ಏನಿದು ‘ಜಾಝ್‌ಮಟಾಝ್’ ಆಲ್ಬಂ?

ರ‍್ಯಾಪ್ ಅಂದ್ರೆ ಬರೀ ಪಟಪಟ ಮಾತು, ಅದರಲ್ಲಿ ಸಂಗೀತ ಎಲ್ಲಿದೆ? ಮಕ್ಕಳು ಮೊಬೈಲ್‌ನಲ್ಲಿ ಕನ್ನಡ ರ‍್ಯಾಪ್ ಹಾಕಿದಾಗ ಮನೆಯ ಹಿರಿಯರು ಕೇಳೋ ಪ್ರಶ್ನೆ ಇದು. ಅಮೆರಿಕದಲ್ಲೂ ಒಂದು ಕಾಲಕ್ಕೆ ಇದೇ ಮಾತಿತ್ತು. 1993ರಲ್ಲಿ ಅಲ್ಲಿನ ಒಬ್ಬ ರ‍್ಯಾಪರ್ ಹಿರಿಯ ಜಾಝ್ ವಾದಕರನ್ನು ಸ್ಟುಡಿಯೋಗೆ ಕರೆಸಿ, ಅವರ ಜೊತೆ ಕೂತು ಒಂದು ಆಲ್ಬಂ ಮಾಡಿದ. ಅದೇ ‘ಜಾಝ್‌ಮಟಾಝ್’ ಮೊದಲ ಸಂಪುಟ. ಜಾಝ್, ಸೋಲ್, ಹಿಪ್‌ಹಾಪ್ ಮೂರೂ ಸೇರಿದ ಆಲ್ಬಂ ಅಂದರೆ ಇಂದಿಗೂ ಇದರ ಹೆಸರು ಬರುತ್ತೆ.

ಯಾರು ಈ ಗುರು?

ಆತನ ಹೆಸರು ಗುರು. ನಮ್ಮ ‘ಗುರು’ ಪದ ಅಂದುಕೊಳ್ಳಬೇಡಿ, ಇಂಗ್ಲಿಷ್‌ನ ನಾಲ್ಕು ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿಕೊಂಡ ಹೆಸರದು. ನಿಜ ಹೆಸರು ಕೀತ್ ಇಲಾಮ್. 1961ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ. ತಂದೆ ನ್ಯಾಯಾಧೀಶರು. ಮಗ ಮಾತ್ರ ಡಿಗ್ರಿ ಮುಗಿಸಿ ನ್ಯೂಯಾರ್ಕ್ ಸೇರಿ ರ‍್ಯಾಪ್ ಹಿಡಿದ. ಡಿಜೆ ಪ್ರೀಮಿಯರ್ ಜೊತೆ ‘ಗ್ಯಾಂಗ್ ಸ್ಟಾರ್’ ಎಂಬ ಜೋಡಿ ಕಟ್ಟಿ ಹೆಸರು ಮಾಡಿದ.

ಸ್ಯಾಂಪ್ಲಿಂಗ್ ಅಂದ್ರೆ ಏನು?

ಹಿಪ್‌ಹಾಪ್ ಶುರುವಾಗಿದ್ದು 1970ರ ದಶಕದಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್ ಪ್ರದೇಶದ ಪಾರ್ಟಿಗಳಲ್ಲಿ. ವಾದ್ಯ ಕೊಳ್ಳೋಕೆ ಕಾಸಿಲ್ಲದ ಹುಡುಗರು ಎರಡು ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು, ಹಳೇ ಹಾಡಿನಲ್ಲಿ ಡ್ರಮ್ ಬರುವ ತುಣುಕನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಆಮೇಲೆ ಇದೇ ಕೆಲಸಕ್ಕೆ ಮಷೀನ್ ಬಂತು. ಹಳೇ ರೆಕಾರ್ಡ್‌ನಿಂದ ಎರಡು ಸೆಕೆಂಡ್ ಕತ್ತರಿಸಿ ಹೊಸ ಹಾಡಿಗೆ ಅಂಟಿಸೋದು. ಇದೇ ಸ್ಯಾಂಪ್ಲಿಂಗ್.

ಹಳೇ ಮನೆಯ ತೇಗದ ಬಾಗಿಲು ಕಿತ್ತು ಹೊಸ ಮನೆಗೆ ಹಾಕಿದ ಹಾಗೆ. ಬಾಗಿಲು ಚೆನ್ನಾಗೇ ಕಾಣುತ್ತೆ. ಆದರೆ ಹಳೇ ಮನೆಯವನನ್ನು ಕೇಳಿದ್ರಾ? ಕೆತ್ತಿದ ಬಡಗಿಗೆ ಏನು ಸಿಕ್ತು?

ಜಗಳ ಶುರುವಾಗಿದ್ದು ಇಲ್ಲೇ. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್, ಅನುಮತಿ ಇಲ್ಲದೆ ಗಿಲ್ಬರ್ಟ್ ಓ'ಸಲಿವನ್ ಹಾಡಿನ ತುಣುಕು ಬಳಸಿದ್ದ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ತೀರ್ಪು ಕೊಟ್ಟಿತು. ಆ ನಂತರ ಸ್ಯಾಂಪಲ್ ಬಳಸುವವರು ಮೊದಲೇ ಅನುಮತಿ ಪಡೆದು ದುಡ್ಡು ಕಟ್ಟುವುದು ಅನಿವಾರ್ಯವಾಯಿತು.

ದುಡ್ಡು ಕಟ್ಟಿದರೂ ವಾದಕನಿಗೆ ಸಿಗುತ್ತಾ?

ಯಾವಾಗಲೂ ಇಲ್ಲ. ಒಂದು ಹಾಡಿಗೆ ಎರಡು ಹಕ್ಕು. ಒಂದು, ರಚನೆಯದು. ಅದು ಬರೆದವರಿಗೆ, ರಾಗ ಹಾಕಿದವರಿಗೆ. ಇನ್ನೊಂದು, ಧ್ವನಿಮುದ್ರಣದ್ದು. ಅದು ಹೆಚ್ಚಾಗಿ ಕಂಪನಿ ಕೈಯಲ್ಲಿ. ಕೂಲಿ ಪಡೆದು ಸ್ಟುಡಿಯೋದಲ್ಲಿ ನುಡಿಸಿ ಹೋದವನು ಎರಡರಲ್ಲೂ ಇಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಕ್ಲೈಡ್ ಸ್ಟಬಲ್‌ಫೀಲ್ಡ್. ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡಿಗೆ ಡ್ರಮ್ ಬಾರಿಸಿದವರು ಇವರು. ಜಗತ್ತಿನಲ್ಲಿ ಅತಿ ಹೆಚ್ಚು ಸ್ಯಾಂಪಲ್ ಆದ ತುಣುಕುಗಳಲ್ಲಿ ಅದೂ ಒಂದು. ಆದರೆ ರಚನೆಕಾರರ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಊರೆಲ್ಲಾ ಕುಣಿದರೂ ಬಾರಿಸಿದವನ ಜೇಬು ಖಾಲಿ. 2017ರಲ್ಲಿ ಅವರು ತೀರಿಕೊಂಡರು.

ಗುರು ಮಾಡಿದ್ದೇನು?

ಬಾಗಿಲು ತರುವ ಬದಲು ಬಡಗಿಯನ್ನೇ ಕರೆದ, ಅಷ್ಟೇ. ಬೀಟ್ ಹಿಪ್‌ಹಾಪ್‌ನದು. ಅದರ ಮೇಲೆ ಜಾಝ್ ಕಲಾವಿದರು ನೇರವಾಗಿ ನುಡಿಸಿದರು. ನಡುವೆ ಗುರು ದನಿ ಏರಿಸದೆ, ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೆ ರ‍್ಯಾಪ್ ಹೇಳುತ್ತಾ ಹೋದ.

ಬಂದವರು ಸಣ್ಣವರಲ್ಲ. ಟ್ರಂಪೆಟ್‌ಗೆ 1932ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಡೊನಾಲ್ಡ್ ಬರ್ಡ್. ಲೋಹದ ಪಟ್ಟಿಗಳನ್ನು ಕೋಲಿನಿಂದ ತಟ್ಟಿ ನುಡಿಸುವ ವೈಬ್ರಾಫೋನ್‌ಗೆ ರಾಯ್ ಏಯರ್ಸ್. ಕೀಬೋರ್ಡ್‌ಗೆ ಲಾನಿ ಲಿಸ್ಟನ್ ಸ್ಮಿತ್. ಸ್ಯಾಕ್ಸೋಫೋನ್‌ಗೆ ಬ್ರ್ಯಾನ್‌ಫರ್ಡ್ ಮಾರ್ಸಲಿಸ್ ಮತ್ತು ಬ್ರಿಟನ್‌ನ ಕೋರ್ಟ್ನಿ ಪೈನ್. ಗಿಟಾರ್‌ಗೆ ರಾನಿ ಜೋರ್ಡನ್. ಸೋಲ್ ದನಿಗೆ ಎನ್‌ಡಿಯಾ ಡೇವನ್‌ಪೋರ್ಟ್ ಮತ್ತು ಕಾರ್ಲೀನ್ ಆ್ಯಂಡರ್ಸನ್. ಫ್ರಾನ್ಸ್‌ನ ಎಂಸಿ ಸೊಲಾರ್ ಫ್ರೆಂಚ್‌ನಲ್ಲೇ ರ‍್ಯಾಪ್ ಹೇಳಿದ.

ಇವರಲ್ಲಿ ಬರ್ಡ್, ಏಯರ್ಸ್, ಸ್ಮಿತ್ ಮೂವರ ಹಳೇ ರೆಕಾರ್ಡ್‌ಗಳು ಹಿಪ್‌ಹಾಪ್ ಹುಡುಗರ ಅಚ್ಚುಮೆಚ್ಚಿನ ಸ್ಯಾಂಪಲ್‌ಗಳು. ಯಾರ ತುಣುಕು ಕತ್ತರಿಸಲಾಗುತ್ತಿತ್ತೋ ಅವರೇ ಇಲ್ಲಿ ಎದುರು ನಿಂತು ನುಡಿಸಿದರು. ಹಾಡಿನ ಹೆಸರಿನ ಜೊತೆಗೇ ಅವರ ಹೆಸರೂ ಅಚ್ಚಾಯಿತು.

ಮುಂದೇನಾಯ್ತು?

1995, 2000, 2007ರಲ್ಲಿ ಇದೇ ಸರಣಿಯ ಇನ್ನೂ ಮೂರು ಆಲ್ಬಂ ಬಂದವು. 2010ರ ಏಪ್ರಿಲ್ 19ರಂದು ಕ್ಯಾನ್ಸರ್‌ನಿಂದ ಗುರು ತೀರಿಕೊಂಡಾಗ ವಯಸ್ಸು ಇನ್ನೂ 48. 2013ರಲ್ಲಿ ಬರ್ಡ್, 2025ರಲ್ಲಿ ಏಯರ್ಸ್ ಹೋದರು. ರಾಬರ್ಟ್ ಗ್ಲಾಸ್ಪರ್ ತಂಡದ 2012ರ ‘ಬ್ಲ್ಯಾಕ್ ರೇಡಿಯೋ’ ಜಾಝ್, ಸೋಲ್, ಹಿಪ್‌ಹಾಪ್ ಸೇರಿಸುವ ಇದೇ ದಾರಿಯಲ್ಲಿ ನಡೆದು ಗ್ರ್ಯಾಮಿ ಪಡೆಯಿತು.

ನಮಗೇನು ಸಂಬಂಧ?

ನಮ್ಮ ದೇಶದ ಕಾಪಿರೈಟ್ ಕಾಯ್ದೆಯಲ್ಲೂ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಬೇರೆ ಬೇರೆ ಹಕ್ಕುಗಳೇ. ಅಂಗಡಿಯ ಜಾಹೀರಾತು ವಿಡಿಯೋಗೆ ಯಾವುದೋ ಸಿನಿಮಾ ಹಾಡು ಹಾಕೋ ವ್ಯಾಪಾರಿಗಳು, ಹಳೇ ಹಾಡಿನ ಬೀಟ್ ಎತ್ತಿ ರ‍್ಯಾಪ್ ಮಾಡೋ ಹುಡುಗರು ಇದನ್ನು ತಿಳಿದಿರೋದು ಒಳ್ಳೇದು. ಸ್ವಲ್ಪವೇ ಬಳಸಿದ್ದು ಅನ್ನೋ ಮಾತು ಎಲ್ಲಾ ಕಡೆ ನಡೆಯಲ್ಲ. ಊರಲ್ಲೇ ಕೀಬೋರ್ಡ್, ತಬಲಾ ನುಡಿಸೋರು ಇದ್ದರೆ ಅವರಿಗೆ ನಾಲ್ಕು ಕಾಸು ಕೊಟ್ಟು ಹೊಸದಾಗಿ ನುಡಿಸಿಕೊಂಡು, ಬಳಸುವ ಒಪ್ಪಿಗೆ ಬರೆಸಿಕೊಳ್ಳಬಹುದು. ಹೆಸರು ಹಾಕೋದು ಮರೆಯಬೇಡಿ.

ಆಲ್ಬಂ ಕೇಳಬೇಕು ಅನ್ನೋರು ‘ಲೌಂಜಿನ್’ ಹಾಡಿನಿಂದ ಶುರು ಮಾಡಬಹುದು. ಇಂಗ್ಲಿಷ್ ಅರ್ಥ ಆಗದಿದ್ದರೂ ಪರವಾಗಿಲ್ಲ. ಬರ್ಡ್ ಅವರ ಟ್ರಂಪೆಟ್ ಎಲ್ಲಿ ಮಾತಿಗೆ ಉತ್ತರ ಕೊಡುತ್ತೆ ಅಂತ ಗಮನಿಸಿದರೆ ಸಾಕು.