ಐನೂರ್ವರ ಊರಿನಲ್ಲಿ ಒಂದು ದಿನ

ಬಾದಾಮಿ, ಪಟ್ಟದಕಲ್ಲುಗಳಿಗೆ ಪ್ರವಾಸ ಹೊರಟ ವರ್ತಕರು ಸಾಮಾನ್ಯವಾಗಿ ಐಹೊಳೆಯನ್ನು ಅರ್ಧ ತಾಸಿನಲ್ಲಿ ಮುಗಿಸಿಬಿಡುತ್ತಾರೆ. ವಾಸ್ತವವಾಗಿ ಈ ಮೂರರಲ್ಲಿ ವ್ಯಾಪಾರಿಗಳಿಗೆ ನೇರ ನಂಟಿರುವುದು ಬಾಗಲಕೋಟೆ ಜಿಲ್ಲೆಯ ಈ ಪುಟ್ಟ ಗ್ರಾಮಕ್ಕೇ.

ಮಧ್ಯಯುಗದ ದಕ್ಷಿಣ ಭಾರತದ ಪ್ರಬಲ ವರ್ತಕ ಸಂಘವಾದ ‘ಅಯ್ಯಾವೊಳೆ ಐನೂರ್ವರು’ ತಮ್ಮ ಹೆಸರನ್ನು ಪಡೆದದ್ದು ಇದೇ ಊರಿನಿಂದ. ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ ಮುಂತಾಗಿ ಅವರ ಸರಕುಗಳ ಪಟ್ಟಿಯೇ ಶಾಸನಗಳಲ್ಲಿದೆ. ಸುಮಾತ್ರಾ ದ್ವೀಪದಲ್ಲಿ, ಕರ್ಪೂರಕ್ಕೆ ಹೆಸರಾಗಿದ್ದ ಬಾರೂಸ್ ಬಂದರಿನ ಬಳಿ ದೊರೆತ ಕ್ರಿ.ಶ. 1088ರ ತಮಿಳು ಶಾಸನವೂ ಐನೂರ್ವರದೇ. ಹಡಗಿನವರು ತೆರಬೇಕಾದ ಹೊನ್ನಿನ ಸುಂಕವನ್ನು ಅದರಲ್ಲಿ ವಿಧಿಸಿದವರು ಅರಸರಲ್ಲ, ವರ್ತಕರು! ತೆರಿಗೆ ಇಳಿಸಿರೆಂದು ಮನವಿ ಸಲ್ಲಿಸಿಯೇ ದಣಿದಿರುವ ಇಂದಿನ ಸಂಘಗಳಿಗೆ ಇದು ಸೋಜಿಗವೆನಿಸೀತು.

ದುರ್ಗ ಗುಡಿಯ ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಚಿಕ್ಕ ಸಂಗ್ರಹಾಲಯವಿದೆ. ಇದು ಪ್ರಧಾನವಾಗಿ ಶಿಲ್ಪಗಳ ಸಂಗ್ರಹ. ಆದ್ದರಿಂದ ಐನೂರ್ವರ ಕುರಿತು ಮೊದಲೇ ಓದಿಕೊಂಡು ಹೋಗುವುದು ಲೇಸು. ಒಳಗಿರುವ ಮಲಪ್ರಭಾ ಕಣಿವೆಯ ಮಾದರಿಯನ್ನು ಮಾತ್ರ ತಪ್ಪದೆ ನೋಡಬೇಕು. ನದಿ, ಬೆಟ್ಟ, ಗುಡಿಗಳು ಎಲ್ಲೆಲ್ಲಿವೆ ಎಂಬುದು ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಬಳಿಕ ಮೇಗುಟಿ ಬೆಟ್ಟವನ್ನೇರಿದರೆ ರವಿಕೀರ್ತಿಯ ಕ್ರಿ.ಶ. 634ರ ಶಾಸನವನ್ನೂ, ಕೆಳಗೆ ಮನೆಗಳ ನಡುವೆಯೇ ನಿಂತ ಗುಡಿಗಳನ್ನೂ ಕಾಣಬಹುದು. ಲಾಡಖಾನ್ ಗುಡಿಯ ಹೆಸರೂ ಹಿಂದೆ ಅದರಲ್ಲಿ ವಾಸವಾಗಿದ್ದವನಿಂದಲೇ ಬಂದದ್ದು.

ಶುಕ್ರವಾರ ಸಂಗ್ರಹಾಲಯಕ್ಕೆ ರಜೆ. ಬಿಸಿಲೇರುವ ಮುನ್ನವೇ ಬೆಟ್ಟ ಹತ್ತುವುದು ಕ್ಷೇಮ.