ಪ್ರಸಾರ ಕಡಿದ ಹೊತ್ತಿನ ದಿನಚರಿ

ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಹಗ್ಗಕ್ಕೆ ಕಟ್ಟಿದ ಮರದ ತುಂಡೊಂದನ್ನು ಕಡಲಿಗೆಸೆದು, ಹಡಗು ಸಾಗಿದಂತೆ ಕೈಯಿಂದ ಜಾರುವ ಹಗ್ಗದ ಗಂಟುಗಳನ್ನು ಎಣಿಸಿ ತಮ್ಮ ವೇಗವನ್ನು ತಿಳಿಯುತ್ತಿದ್ದರು. ಆ ತುಂಡಿಗೆ ಇಂಗ್ಲಿಷಿನಲ್ಲಿ ಲಾಗ್ ಎಂದು ಹೆಸರು. ಎಣಿಕೆಯನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್ ಎನಿಸಿತು. ಗಣಕಯಂತ್ರವು ತನ್ನ ಆಗುಹೋಗುಗಳನ್ನು ಬರೆದಿಡುವ ಕಡತಕ್ಕೂ ಅದೇ ಹೆಸರು ಬಂದಿದೆ. ನಾನು ಅದನ್ನು ದಿನಚರಿಯೆಂದೇ ಕರೆಯುತ್ತೇನೆ.

ಈ ದಿನಚರಿಯ ಬೆಲೆ ನನಗೆ ತಿಳಿದದ್ದು ಒಂದು ಯಕ್ಷಗಾನದ ರಾತ್ರಿ. ಆಟವನ್ನು ಇಂಟರ್ನೆಟ್ಟಿನ ಮೂಲಕ ನೇರವಾಗಿ ಬಿತ್ತರಿಸುವ ಹೊಣೆ ನಮ್ಮದಾಗಿತ್ತು. ಭಾಗವತರ ಮಗಳು ದೂರದೇಶದಲ್ಲಿ ಕುಳಿತು ಕೇಳುತ್ತಿದ್ದಳು. ರಾತ್ರಿಯ ನಡುವೆ ಎಷ್ಟೋ ಸಲ ಚಿತ್ರ ನಿಂತು ಮತ್ತೆ ಬಂದಿತಂತೆ. “ಅಪ್ಪಯ್ಯನ ಪದ ಎಲ್ಲೆಲ್ಲಿ ತಪ್ಪಿತು? ಅಷ್ಟನ್ನಾದರೂ ಕಳುಹಿಸಿ” ಎಂದು ಬೆಳಗ್ಗೆ ಕೇಳಿದಳು. ಕ್ಯಾಮೆರಾದ ಕಾರ್ಡಿನಲ್ಲಿ ಇಡೀ ಆಟವಿತ್ತು. ಎಲ್ಲಿ ಕತ್ತರಿಸಬೇಕೆಂದು ತಿಳಿಯಲು ದಿನಚರಿಯನ್ನು ತೆರೆದರೆ, ಕೊನೆಯ ನಲವತ್ತು ನಿಮಿಷಗಳ ಹೊರತು ಅದರಲ್ಲಿ ಏನೂ ಇರಲಿಲ್ಲ.

ನಾವು ಬಳಸಿದ್ದು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಇದಕ್ಕೆ ಒತ್ತುವ ಗುಂಡಿಗಳಿಲ್ಲ. ಟೈಪು ಮಾಡಿದ ಆಜ್ಞೆಯ ಸಾಲೊಂದೇ ಅದಕ್ಕೆ ಸಾಕು. ಇಂಥ ತಂತ್ರಾಂಶಗಳಿಗೆ ಎರಡು ಬಾಯಿಗಳುಂಟು, ಒಂದು ಫಲವನ್ನು ಕೊಡಲು, ಇನ್ನೊಂದು ದೂರನ್ನು ಹೇಳಲು. ಮೊದಲನೆಯದರಿಂದ ಚಿತ್ರವೇ ಹರಿಯಬಹುದಾದ ಕಾರಣ, ಎಫ್‌ಎಫ್‌ಎಂಪೆಗ್ ತನ್ನ ಮಾತನ್ನು ಎರಡನೆಯದರಿಂದ, ಅಂದರೆ ಸ್ಟ್ಯಾಂಡರ್ಡ್ ಎರರ್ ಎಂಬ ಹಾದಿಯಿಂದ, ಆಡುತ್ತದೆ. ಅರಿಯದವರು ಮೊದಲ ಹಾದಿಯನ್ನು ಕಡತಕ್ಕೆ ತಿರುಗಿಸಿ ಬರಿದಾದ ಕಡತವನ್ನು ಕಾಣುತ್ತಾರೆ.

ಅಷ್ಟನ್ನು ನಾವು ಬಲ್ಲೆವು. ಸಂಪರ್ಕ ಕಡಿದು ತಂತ್ರಾಂಶ ನಿಂತರೆ ಅದನ್ನು ಮತ್ತೆ ಎಬ್ಬಿಸುವ ಪುಟ್ಟ ಆಜ್ಞಾಸರಣಿಯನ್ನೂ ಬರೆದಿದ್ದೆವು. ತಪ್ಪಿದ್ದುದು ಒಂದು ಬಾಣದ ಗುರುತಿನಲ್ಲಿ. ಒಂಟಿ ಬಾಣ ಹಾಕಿದರೆ ಪ್ರತಿ ಬಾರಿಯೂ ಕಡತವನ್ನು ಅಳಿಸಿ ಹೊಸದಾಗಿ ಬರೆಯಲಾಗುತ್ತದೆ. ಜೋಡಿ ಬಾಣ ಹಾಕಿದರೆ ಹಳೆಯದರ ಕೆಳಗೆ ಹೊಸದು ಸೇರುತ್ತದೆ. ನಮ್ಮದು ಒಂಟಿ ಬಾಣ. ಹೀಗಾಗಿ ಪ್ರತಿಯೊಂದು ಮರುಹುಟ್ಟೂ ತನ್ನ ಹಿಂದಿನ ಸಾವಿನ ಸಾಕ್ಷ್ಯವನ್ನು ಒರೆಸಿಹಾಕಿತ್ತು.

ಜೋಡಿ ಬಾಣದಿಂದಲೇ ಕೆಲಸ ಮುಗಿಯದು. ಎಫ್‌ಎಫ್‌ಎಂಪೆಗ್ಗಿನ ಪ್ರಗತಿಯ ಸಾಲಿನಲ್ಲಿ ಕಾಣುವ ಹೊತ್ತು ಗಡಿಯಾರದ್ದಲ್ಲ, ಆವರೆಗೆ ಸಾಗಿದ ಚಿತ್ರದ ಉದ್ದ. ಮತ್ತೆ ಎದ್ದಾಗ ಎಣಿಕೆ ಸೊನ್ನೆಯಿಂದ. ಆದುದರಿಂದ ಎಬ್ಬಿಸುವ ಸರಣಿಯೇ ಪ್ರತಿ ಆರಂಭಕ್ಕೂ ಪ್ರತಿ ಅಂತ್ಯಕ್ಕೂ ಗಡಿಯಾರದ ಹೊತ್ತನ್ನು ಬರೆಯಬೇಕು. ಆ ಸಾಲುಗಳು ಇನ್ನೊಂದು ತೊಡಕನ್ನೂ ತರುತ್ತವೆ. ಬೆರಳಚ್ಚು ಯಂತ್ರದಲ್ಲಿ ಕಾಗದ ಮೇಲೇರದೆ ಗಾಡಿ ಮಾತ್ರ ಮರಳಿದರೆ ಹೇಗೋ ಹಾಗೆ, ಪ್ರತಿ ಸಾಲೂ ಹಿಂದಿನದರ ಮೇಲೆಯೇ ಬೀಳುತ್ತದೆ. ಪರದೆಯಲ್ಲಿ ಇದು ಚೆಂದ. ಕಡತದಲ್ಲಿ ಎಲ್ಲವೂ ಸೇರಿ ಒಂದೇ ನೀಳ ಸಾಲಾಗುತ್ತದೆ. ಆ ಮರಳುಗುರುತನ್ನು ಹೊಸ ಸಾಲಿನ ಗುರುತಾಗಿ ಮಾರ್ಪಡಿಸಿ, ಒಂದೊಂದರ ಮುಂದೆಯೂ ಗಡಿಯಾರದ ಹೊತ್ತನ್ನು ಹಚ್ಚಬೇಕು. ಅರೆ ಸೆಕೆಂಡಿಗೊಂದರಂತೆ ಗಂಟೆಗೆ 7,200 ಸಾಲುಗಳಾದಾವು. ಹತ್ತು ಸೆಕೆಂಡಿಗೊಂದು ಎಂದು ಗೊತ್ತುಮಾಡಿದರೆ 360ಕ್ಕೆ ಇಳಿಯುತ್ತವೆ.

ಇವು ಬೇಡವೆಂದು ಬಿಡುವಂತಿಲ್ಲ. ತಂತಿ ಕಡಿದ ಗಳಿಗೆಯಲ್ಲೇ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ. ಟಿಸಿಪಿ ಎಂಬ ಸಂವಹನ ಪದ್ಧತಿಯು ಉತ್ತರ ಬಾರದಿದ್ದರೆ ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸುತ್ತದೆ. ಯಾರೂ ಬದಲಿಸದೆ ಬಿಟ್ಟ ಲಿನಕ್ಸ್ ಯಂತ್ರದಲ್ಲಿ ಆಸೆ ಬಿಡಲು ಕಾಲು ಗಂಟೆಗೂ ಹೆಚ್ಚು ಹಿಡಿಯಬಹುದು. ದೋಷದ ಸಾಲು ಆಮೇಲಷ್ಟೇ ಬರುತ್ತದೆ. ಅದಕ್ಕೆ ಮುಂಚೆ ವೇಗದ ಅಂಕೆ 1ರಿಂದ ಕೆಳಗಿಳಿಯುತ್ತದೆ, ಇಲ್ಲವೇ ಸಾಲುಗಳೇ ನಿಂತುಬಿಡುತ್ತವೆ. ಪದ ತಪ್ಪಿದ್ದು ಅಲ್ಲಿಂದಲೇ ಹೊರತು, ದೋಷ ಬರೆದ ಹೊತ್ತಿನಿಂದಲ್ಲ.

ಬೇರೆಡೆಯ ಪ್ರಸಾರವನ್ನು ಎಚ್‌ಟಿಟಿಪಿ ಮೂಲಕ ಪಡೆಯುವವರ ಪಾಡು ತುಸು ಸುಲಭ. ಕೇಳಿಕೊಂಡರೆ ಎಫ್‌ಎಫ್‌ಎಂಪೆಗ್ ತಾನು ಸಾಯದೆಯೇ ಮರುಸಂಪರ್ಕಕ್ಕೆ ಯತ್ನಿಸುತ್ತದೆ; ಮೊದಲು ತಡೆಯದೆ, ಬಳಿಕ 1, 3, 7, 15 ಸೆಕೆಂಡುಗಳಂತೆ ಬಿಡುವು ಹೆಚ್ಚಿಸುತ್ತಾ, ಪ್ರತಿ ಯತ್ನವನ್ನೂ ದಿನಚರಿಯಲ್ಲಿ ಹೇಳುತ್ತದೆ. ರಿಪೋರ್ಟ್ ಎಂಬ ಆಯ್ಕೆಯೂ ಇದೆ. ಪ್ರತಿ ಆರಂಭಕ್ಕೆ ದಿನಾಂಕ, ವೇಳೆಗಳನ್ನೇ ಹೆಸರಾಗಿ ಹೊತ್ತ ಹೊಸ ಕಡತ ಅದರಿಂದ ಹುಟ್ಟುತ್ತದೆ. ಅದು ಬಲು ವಾಚಾಳಿ, ನನಗೆ ಹಿಡಿಸಲಿಲ್ಲ. ಯಾವ ದಿನಚರಿಯನ್ನೇ ಆಗಲಿ ಪರರಿಗೆ ತೋರಿಸುವ ಮುನ್ನ ಒಮ್ಮೆ ಓದುವುದು ಲೇಸು: ಪ್ರಸಾರದ ವಿಳಾಸವೂ, ಅದರೊಡನೆ ಗುಟ್ಟಿನ ಕೀಲಿಪದವೂ ಅಲ್ಲಿ ಬಿಚ್ಚಾಗಿ ಬಿದ್ದಿರುತ್ತವೆ.

ಮರುವರ್ಷದ ಆಟದಲ್ಲೂ ಸಂಪರ್ಕ ಮೂರು ಸಲ ಕಡಿಯಿತು. ಈ ಸಲ ದಿನಚರಿಯಲ್ಲಿ ಮೂರರ ಹೊತ್ತೂ ಇತ್ತು. ಕಾರ್ಡಿನಿಂದ ಆ ಮೂರು ತುಂಡುಗಳನ್ನು ಕತ್ತರಿಸಿ ಮಧ್ಯಾಹ್ನದೊಳಗೆ ಭಾಗವತರ ಮಗಳಿಗೆ ಕಳುಹಿಸಿದೆವು. ಎರಡನೆಯದರಲ್ಲಿ ಪದವೇ ಇರಲಿಲ್ಲ, ಬರಿಯ ಚೆಂಡೆ.