ಒಂದೇ ತಂತಿ, ಇಬ್ಬರು ಯಜಮಾನರು

ವಿದೇಶ ಸಂಚಾರ ನಿಗಮವು ೧೯೯೫ರ ಆಗಸ್ಟ್ ೧೫ರಂದು ಭಾರತದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆಯನ್ನು ಆರಂಭಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಅನೇಕ ಮನೆಗಳಲ್ಲಿ ದೂರವಾಣಿಯ ಮಗ್ಗುಲಿಗೆ ಹೊಸ ಅತಿಥಿಯೊಬ್ಬ ಬಂದು ಕುಳಿತ. ಅವನೇ ಮೋಡೆಮ್. ಅಮೆರಿಕದಲ್ಲಿರುವ ಮಗನ ಪತ್ರ ಬರಬೇಕಾದದ್ದು ಅವನ ಮೂಲಕ. ಮೈಸೂರಿನ ಅಜ್ಜಿಯ ಕರೆ ಬರಬೇಕಾದದ್ದೂ ಅದೇ ತಂತಿಯ ಮೇಲೆ. ಮನೆಯಲ್ಲಿ ಜಗಳ ಹುಟ್ಟಲು ಇಷ್ಟು ಸಾಲದೇ?

ಮೋಡೆಮ್ ಗಣಕಯಂತ್ರದ ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸಿ ತಂತಿಗೆ ಒಪ್ಪಿಸುತ್ತದೆ. ಆ ಕಡೆಯ ಧ್ವನಿಯನ್ನು ಮರಳಿ ಅಂಕಿಗಳಾಗಿಸುತ್ತದೆ. ಅದಕ್ಕೆ ಅಪ್ಪಣೆ ಕೊಡುವ ಭಾಷೆಯನ್ನು ರೂಢಿಗೆ ತಂದದ್ದು ಅಮೆರಿಕದ ಹೇಯ್ಸ್ ಸಂಸ್ಥೆಯ ೧೯೮೧ರ ಮೋಡೆಮ್. ಅಪ್ಪಣೆಗಳು 'ಎಟಿ' ಎಂಬ ಎರಡಕ್ಷರಗಳಿಂದ ಮೊದಲಾಗುತ್ತವೆ. ಯಂತ್ರದೊಳಗೆ 'ಎಸ್' ರಿಜಿಸ್ಟರುಗಳೆಂಬ ಪುಟ್ಟ ಗೂಡುಗಳುಂಟು. ಒಂದೊಂದರಲ್ಲಿ ಒಂದೊಂದು ಸಂಖ್ಯೆ.

'ಎಸ್ ೦' ಗೂಡಿನಲ್ಲಿ ಸೊನ್ನೆಯಿದ್ದರೆ ಮೋಡೆಮ್ ತಾನಾಗಿ ಕರೆಗೆ ಉತ್ತರಿಸದು. ಅಲ್ಲಿ ೧ ಇದ್ದರೆ ಮೊದಲ ಗಂಟೆಗೇ ಉತ್ತರ ಕೊಡುವುದು ಅದೇ! ಪಾಪ, ಅಜ್ಜಿಯ ಕಿವಿಗೆ ಮೊಮ್ಮಗನ ಧ್ವನಿಯ ಬದಲು ಕಿರ್ರೆಂಬ ಕೂಗು. 'ಎಸ್ ೭' ಎದುರು ಬದಿಯ ಮೋಡೆಮಿಗಾಗಿ ಎಷ್ಟು ಸೆಕೆಂಡು ಕಾಯಬೇಕೆಂಬುದನ್ನು ತಿಳಿಸುತ್ತದೆ. 'ಎಸ್ ೧೦' ಇನ್ನೂ ಸೂಕ್ಷ್ಮವಾದದ್ದು: ಧ್ವನಿ ಕಡಿದ ಮೇಲೆ ಸಂಪರ್ಕ ಬಿಡುವ ಮುನ್ನ ತಾಳಬೇಕಾದ ಕಾಲ, ಸೆಕೆಂಡಿನ ಹತ್ತನೆಯ ಒಂದಂಶದ ಲೆಕ್ಕದಲ್ಲಿ. ಬೇರೊಂದು ಕರೆ ಕಾದಿದೆಯೆಂಬ 'ಬೀಪ್' ಸದ್ದಿಗೆ ಸಂಪರ್ಕ ಪದೇಪದೇ ಕಡಿಯುತ್ತಿದ್ದ ಮನೆಗಳಲ್ಲಿ ಈ ಸಂಖ್ಯೆಯನ್ನು ೫೦ಕ್ಕೆ, ಎಂದರೆ ೫ ಸೆಕೆಂಡಿಗೆ, ಏರಿಸುವುದು ಒಂದು ಉಪಾಯ. ಕಡಿದಾಗಲೆಲ್ಲ ಮತ್ತೆ ಕರೆ ಮಾಡಬೇಕಿತ್ತು; ಪ್ರತಿ ಕರೆಯೂ ಬಿಲ್ಲಿಗೆ ಸೇರುತ್ತಿತ್ತು.

ಇನ್ನು ಹರಿವಿನ ಹತೋಟಿ. ಗಣಕವು ಸೆಕೆಂಡಿಗೆ ೧,೧೫,೨೦೦ ಬಿಟ್‌ಗಳನ್ನು ಸುರಿಯಬಲ್ಲದು. ತಂತಿ ಸಾಗಿಸುವುದು ಹೆಚ್ಚೆಂದರೆ ೩೩,೬೦೦. ಕಿರುಬಾಯಿಯ ತಂಬಿಗೆಗೆ ಕೊಡದಿಂದ ನೀರು ಬಗ್ಗಿಸಿದಂತೆ! ತಂಬಿಗೆ ತುಂಬುವ ಮುನ್ನ 'ಸಾಕು, ತಾಳು' ಎನ್ನಲು ಎರಡು ಮಾರ್ಗಗಳಿವೆ. ಮೊದಲನೆಯದರಲ್ಲಿ ಕೇಬಲಿನ ಪ್ರತ್ಯೇಕ ಎಳೆಗಳೇ ಸನ್ನೆ ಮಾಡುತ್ತವೆ, ಇದೇ 'ಆರ್‌ಟಿಎಸ್–ಸಿಟಿಎಸ್'. ಎರಡನೆಯದರಲ್ಲಿ ದತ್ತಾಂಶದ ನಡುವೆಯೇ 'ನಿಲ್ಲು' ಎನ್ನಲು ೧೯, 'ಹೊರಡು' ಎನ್ನಲು ೧೭ ಎಂಬ ಸಂಕೇತಗಳು ಹೋಗುತ್ತವೆ. ಆದರೆ ಛಾಯಾಚಿತ್ರದ ಕಡತದಲ್ಲಿಯೂ ಸಹಜವಾಗಿ ೧೯ ಇರಬಹುದಲ್ಲ! ಆಗ ಯಂತ್ರ ಅದನ್ನೇ ಅಪ್ಪಣೆಯೆಂದು ತಿಳಿದು ನಿಂತುಬಿಡುತ್ತದೆ. ಆದ್ದರಿಂದ ಮೊದಲನೆಯ ಮಾರ್ಗವೇ ಕ್ಷೇಮ. ಅನೇಕ ಮೋಡೆಮುಗಳಲ್ಲಿ ಅದಕ್ಕೆ 'ಎಟಿ&ಕೆ೩' ಅಪ್ಪಣೆ; ಕೆಲವಕ್ಕೆ ಬೇರೆ. ಕೈಪಿಡಿಯನ್ನು ನೋಡದೆ ವಿಧಿಯಿಲ್ಲ. ಕೊನೆಗೆ '&ಡಬ್ಲ್ಯು' ಎಂದು ಬರೆದಿಡದಿದ್ದರೆ, ವಿದ್ಯುತ್ ಹೋದೊಡನೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

೨೦೦೫ರಲ್ಲಿ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಬಂದಿತು. ಅದೇ ತಾಮ್ರದ ತಂತಿಯಲ್ಲಿ ಮಾತೂ ಅಂಕಿಗಳೂ ಏಕಕಾಲದಲ್ಲಿ, ಬೇರೆಬೇರೆ ಕಂಪನಾಂಕಗಳಲ್ಲಿ, ಸಾಗತೊಡಗಿದವು. ಮಗನ ಪತ್ರ ಇಳಿಯುತ್ತಿರುವಾಗಲೇ ಅಜ್ಜಿಯ ಕರೆಗೂ ಉತ್ತರ ಸಿಕ್ಕಿತು.